ಪತ್ತನಾಜೆಯೊಳಗೆ (ಮಳೆಗಾಲಕ್ಕೆ ಮೊದಲು) ಗೋಡೆಗೆ ಪೇಂಟ್ ಬೇಡ, ಅಂಗಳಕ್ಕೆ ಕಣಿ ತೋಡಿ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಸ್ವಲ್ಪ ಒಳಗೆ ನಮ್ಮ ಮನೆ. 1968ರಲ್ಲಿ ಮಾವನ ತಂದೆ ಕಟ್ಟಿಸಿದ್ದು. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹಂಚಿನ ಮಾಡು (ಛಾವಣಿ). ಮೂರು ವರ್ಷದ ಹಿಂದೆ ಮಗಳ ಮದುವೆಗೆ ಅಂತ ಕಾವಿ ನೆಲದ ಮೇಲೆಯೇ ಟೈಲ್ಸ್ ಹಾಕಿಸಿದೆವು. ಗೋಡೆಗೆ ಸಿಮೆಂಟು ಸಾರಣೆ, ಪುಟ್ಟಿ, ಪೇಂಟ್ ಆಯಿತು. ಎರಡು ಕೋಣೆಗೆ ಪಿವಿಸಿ ಸೀಲಿಂಗ್ ಬಂತು. ಅಂಗಳಕ್ಕೆ ಗೋಡೆಯ ಬುಡದವರೆಗೂ ಇಂಟರ್‌ಲಾಕ್. ಮೊದಲ ಮಳೆಗಾಲದಲ್ಲೇ ಪೇಂಟ್ ಗುಳ್ಳೆ ಎದ್ದಿತು. ಈಗ ಸೊಂಟದವರೆಗೆ ಪುಟ್ಟಿ ಎದ್ದು ಬಿಳಿ ಹುಡಿ ಉದುರುತ್ತಿದೆ. ಪ್ರತಿ ವರ್ಷ ಏಪ್ರಿಲ್ ನಡುವೆ ಬರುವ ವಿಷುವಿಗೆ ಮೊದಲು ಇಡೀ ಮನೆ ತೊಳೆದು ಒರೆಸುತ್ತೇನೆ. ಆಟಿ (ಜುಲೈ-ಆಗಸ್ಟ್ ಹೊತ್ತಿನ ಮಳೆ ತಿಂಗಳು) ಬರುವಾಗ ಕಪಾಟಿನ ಹಿಂದೆ, ಹಾಸಿಗೆಯ ಅಡಿಯಲ್ಲಿ ಪುನಃ ಬೂಷ್ಟು. ಅತ್ತೆಗೆ ಉಬ್ಬಸ ಬೇರೆ. ಮಾಡು ನಾಲ್ಕು ಕಡೆ ಸೋರುತ್ತದೆ, ಅಟ್ಟದ ಪಕ್ಕಾಸಿಗೆ (ಮಾಡು ಹೊತ್ತ ಇಳಿಜಾರು ಮರಕ್ಕೆ) ಒರಲೆ, ಅಂದರೆ ಗೆದ್ದಲು ಹತ್ತಿದೆ. ಮೈದುನ ‘ಹಂಚಿನ ಕಾಲ ಮುಗಿಯಿತು, ಮೇಲಿಂದ ಶೀಟ್ ಹಾಕಿಬಿಡಿ’ ಅನ್ನುತ್ತಾನೆ. ನನ್ನ ಅಣ್ಣ ‘ಕಾಂಕ್ರೀಟ್ ಮಾಡಿಸಿ’ ಅನ್ನುತ್ತಾನೆ. ಪೇಂಟ್ ಅಂಗಡಿಯವರು ಒಳಗೋಡೆಗೆ ವಾಟರ್‌ಪ್ರೂಫ್ ಕೋಟಿಂಗ್ ಕೊಟ್ಟರೆ ಸಾಕು ಅಂದರು. ಹಂಚಿನ ಪಾಚಿಗೆ ಆಸಿಡ್ ಹಾಕಬಹುದಾ? ಬಾವಿ ಅಡುಗೆಮನೆಯಿಂದ ಹತ್ತು ಹೆಜ್ಜೆ. ಎಲ್ಲವನ್ನೂ ಒಟ್ಟಿಗೆ ಮಾಡಿಸುವಷ್ಟು ದುಡ್ಡು ನಮ್ಮಲ್ಲಿಲ್ಲ. ಮೊದಲು ಯಾವುದು ಮಾಡಿಸಲಿ?

ಉತ್ತರ: ಗೋಡೆ, ಬೂಷ್ಟು, ಸೋರಿಕೆ, ಒರಲೆ, ಅತ್ತೆಯ ಉಬ್ಬಸ ಅಂತ ನೀವು ಐದು ತೊಂದರೆ ಬರೆದಿದ್ದೀರಿ. ನನಗೆ ಕಂಡದ್ದು ಹೆಚ್ಚುಕಡಿಮೆ ಒಂದೇ. ನಿಮ್ಮ ಮನೆಯೊಳಗೆ ಬಂದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಮೂರು ವರ್ಷದ ಹಿಂದೆ ಇತ್ತು.

ನಾನು 26 ವರ್ಷದಿಂದ ಕುಂಬಳೆ, ಬದಿಯಡ್ಕ, ಪೆರ್ಲ ಕಡೆ ಹಳೆ ಮನೆಗಳ ರಿಪೇರಿ ಮಾಡಿಸುತ್ತಿದ್ದೇನೆ. ನಿಮ್ಮ ಪತ್ರದಂಥ ಮನೆ ವರ್ಷಕ್ಕೆ ಹತ್ತಾದರೂ ನೋಡುತ್ತೇನೆ. ಐವತ್ತು ವರ್ಷ ಗಟ್ಟಿಯಾಗಿ ನಿಂತ ಮನೆ, ಮದುವೆಗೋ ಗೃಹಪ್ರವೇಶದ ನೆನಪಿಗೋ ಚಂದ ಮಾಡಿಸಿದ ಮೇಲೆ ಕೆಡಲು ಶುರುವಾಗುತ್ತದೆ. ಮನೆಯಲ್ಲಿ ‘ಯಾರು ಹೇಳಿದ್ದು ಇದನ್ನೆಲ್ಲ ಮಾಡಿಸಲಿಕ್ಕೆ’ ಅಂತ ಮಾತು ಬಂದಿರಬಹುದು. ತಲೆಕೆಡಿಸಿಕೊಳ್ಳಬೇಡಿ. ನಾನೇ ನನ್ನ ಮನೆಯಲ್ಲಿ ಇದಕ್ಕಿಂತ ದೊಡ್ಡ ಬುದ್ಧಿವಂತಿಕೆ ಮಾಡಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಲ್ಲಿನ ವಿಷಯ. ‘ಮುರಕಲ್ಲಿನ ಮನೆ ಅಂದ ಮೇಲೆ ತೇವ ಇದ್ದದ್ದೇ’ ಅನ್ನುವ ಮಾತು ಅರ್ಧ ಮಾತ್ರ ಸತ್ಯ. ನಮ್ಮ ಕಡೆ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತರುತ್ತಾರಲ್ಲ, ಆ ಗುಡ್ಡದ ಕಲ್ಲೂ ನಿಮ್ಮ ಗೋಡೆಯ ಕಲ್ಲೂ ಒಂದೇ. ಮೈತುಂಬ ತೂತು. ನೀರು ಕುಡಿಯುತ್ತದೆ, ದಾರಿ ಸಿಕ್ಕಿದರೆ ಬಿಟ್ಟೂ ಕೊಡುತ್ತದೆ. ಹಾಗಂತ ನೀರು ತಾಗಿದರೆ ಕರಗುವ ಕಲ್ಲಲ್ಲ. ಮಣ್ಣಿನಿಂದ ಕಡಿದು ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿ ತಾಗಿದಷ್ಟೂ ಗಟ್ಟಿಯಾಗುತ್ತದೆ. ಬೇಕಲ ಕೋಟೆ ಇದೇ ಕಲ್ಲಿನದು. 1650ರ ಸುಮಾರಿಗೆ ಶಿವಪ್ಪ ನಾಯಕ ಕಟ್ಟಿಸಿದ್ದು ಅನ್ನುತ್ತಾರೆ. ಅದಕ್ಕೆ ಪುಟ್ಟಿಯೂ ಇಲ್ಲ, ಪೇಂಟೂ ಇಲ್ಲ. ಪಕ್ಕದಲ್ಲಿ ಸಮುದ್ರ ಬೇರೆ. ಮಳೆಗಾಲದಲ್ಲಿ ನೆನೆಯುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ನಿಮ್ಮ ಗೋಡೆಯೂ ನೆನೆಯುತ್ತದೆ, ಆದರೆ ಒಣಗುತ್ತಿಲ್ಲ. ವ್ಯತ್ಯಾಸ ಅಷ್ಟೇ.

1968ರ ಮನೆಯ ಪಂಚಾಂಗದ (ಅಡಿಪಾಯದ) ಮೇಲೆ ತೇವ ತಡೆಯುವ ಪದರ ಇರುವುದು ಕಡಿಮೆ. ನೆಲದ ತೇವ ಕಲ್ಲಿನ ಸಣ್ಣ ತೂತುಗಳಲ್ಲಿ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿಗೆ ಏರಿ ನಿಲ್ಲುತ್ತದೆ. ನೀವು ‘ಸೊಂಟದವರೆಗೆ’ ಅಂತ ಬರೆದದ್ದು ಅದೇ ಅಳತೆ. ಈ ತೇವ ಅಜ್ಜನ ಕಾಲದಲ್ಲೂ ಏರುತ್ತಿತ್ತು. ಆದರೆ ಆಗ ಗೋಡೆಗೆ ಸುಣ್ಣದ ಸಾರಣೆ ಇತ್ತು. ಅದರ ಮೂಲಕ ತೇವ ಆವಿಯಾಗಿ ಹೋಗುತ್ತಿತ್ತು. ಕಾವಿ ನೆಲದಲ್ಲೂ ಒಂದಷ್ಟು ಹೋಗುತ್ತಿತ್ತು. ಅಂಗಳದ ಮಣ್ಣಿನಲ್ಲಿ ಇನ್ನೊಂದಷ್ಟು. ಈಗ ನೆಲಕ್ಕೆ ಟೈಲ್ಸ್, ಅಂಗಳಕ್ಕೆ ಇಂಟರ್‌ಲಾಕ್, ಗೋಡೆಗೆ ಸಿಮೆಂಟು, ಪುಟ್ಟಿ ಮತ್ತು ಪ್ಲಾಸ್ಟಿಕ್‌ನಂಥ ಪೇಂಟ್. ಎಲ್ಲಾ ಬಾಗಿಲೂ ಮುಚ್ಚಿದ ಹಾಗಾಯಿತು. ತೇವಕ್ಕೆ ಉಳಿದದ್ದು ಗೋಡೆಯ ಹೊಟ್ಟೆ ಮಾತ್ರ.

ಬಿಳಿ ಹುಡಿ ಫಂಗಸ್ ಅಲ್ಲ, ಉಪ್ಪು. ಮಣ್ಣಿನಲ್ಲೂ ಸಿಮೆಂಟಿನಲ್ಲೂ ಇದ್ದ ಉಪ್ಪಿನಂಶ ನೀರಿನಲ್ಲಿ ಕರಗಿ ಗೋಡೆಯ ಮುಖಕ್ಕೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಹರಳಾಗಿ ಉಳಿಯುತ್ತದೆ. ಹರಳು ಕಟ್ಟುವಾಗ ಅದಕ್ಕೆ ಜಾಗ ಬೇಕು. ಪುಟ್ಟಿಯನ್ನು ಒಳಗಿಂದ ದೂಡಿ ಎಬ್ಬಿಸುವುದು ಅದೇ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉಪ್ಪು ಕರಗಿ ವಾಪಸು ಗೋಡೆಗೇ ಹೋಗುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ, ಹುಡಿ ಒಟ್ಟುಮಾಡಿ ಹೊರಗೆ ಹಾಕಿ. ವಿಷುವಿನ ಸಮಯ ನೀವು ಬಾಲ್ದಿಗಟ್ಟಲೆ ನೀರು ಹಾಕಿ ಗೋಡೆ ತೊಳೆಯುತ್ತಿದ್ದರೆ, ಇನ್ನು ಒಂದೂವರೆ ತಿಂಗಳಲ್ಲಿ ಮಳೆ ಅನ್ನುವಾಗ ಗೋಡೆಗೆ ನೀವೇ ನೀರು ಕುಡಿಸಿದ ಹಾಗೆ.

ಒಂದು ಸಣ್ಣ ಪರೀಕ್ಷೆ ಇದೆ, ಖರ್ಚಿಲ್ಲ. ಒಂದಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಗಾಳಿ ಆಡದ ಹಾಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆಯ ಬದಿಗೆ ನೀರ ಹನಿ ಇದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯ ಬದಿಗೆ ಹನಿ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ. ಸೊಂಟದ ಕೆಳಗೆ ಒಂದು, ತಲೆಯ ಎತ್ತರದಲ್ಲಿ ಒಂದು, ಕಪಾಟಿನ ಹಿಂದೆ ಒಂದು ಅಂಟಿಸಿ. ಒಮ್ಮೆ ಈಗ ಮಾಡಿ, ಇನ್ನೊಮ್ಮೆ ಆಟಿಯಲ್ಲಿ. ಕಪಾಟಿನ ಹಿಂದಿನ ಬೂಷ್ಟು ಎರಡನೇ ಜಾತಿಯದ್ದು ಅಂತ ನನ್ನ ಊಹೆ.

ಈಗ ನೀರಿನ ಲೆಕ್ಕ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಮಾಡಿನ ಅಳತೆ ನೀವು ಬರೆದಿಲ್ಲ, 100 ಚದರ ಮೀಟರ್ ಅಂತಲೇ ಹಿಡಿಯೋಣ. ಆ ಮಾಡಿನ ಮೇಲೆ ವರ್ಷಕ್ಕೆ ಬೀಳುವುದು ಮೂರೂವರೆ ಲಕ್ಷ ಲೀಟರ್ ನೀರು. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸೂರಿಗೆ ದಂಬೆ (ಮಾಡಿನ ನೀರು ಹಿಡಿಯುವ ಕಾಲುವೆ) ಇಲ್ಲದಿದ್ದರೆ ಅಷ್ಟೂ ನೀರು ಗೋಡೆಯಿಂದ ಎರಡಡಿ ದೂರದಲ್ಲಿ ಒಂದೇ ಗೆರೆಗೆ ಬೀಳುತ್ತದೆ. ಮೊದಲು ಅಲ್ಲಿ ಮಣ್ಣಿತ್ತು, ನೀರು ಬಿದ್ದು ಬಿದ್ದು ತಾನೇ ಒಂದು ಚರಂಡಿ ಮಾಡಿಕೊಂಡಿತ್ತು. ಈಗ ಗಟ್ಟಿ ಇಂಟರ್‌ಲಾಕ್. ಬಿದ್ದ ಹನಿ ಮಣ್ಣಿಗಿಂತ ಎತ್ತರಕ್ಕೆ ಎಗರಿ ಗೋಡೆಗೆ ಎರಚುತ್ತದೆ. ಇಂಟರ್‌ಲಾಕ್ ಹಾಕುವಾಗ ಅಡಿಗೆ ಜಲ್ಲಿ ಹುಡಿ ಹಾಕಿ ಅಂಗಳವನ್ನು ನಾಲ್ಕಾರು ಇಂಚು ಎತ್ತರಿಸಿರುತ್ತಾರೆ, ಹಾಗಾಗಿ ಪಂಚಾಂಗವೂ ಅಷ್ಟು ಗಿಡ್ಡವಾಯಿತು. ಇಳಿಜಾರು ಮನೆಯ ಕಡೆಗೇ ಇದ್ದರಂತೂ ಮುಗಿಯಿತು. ಒಂದು ಕೊಡ ನೀರು ಚೆಲ್ಲಿ ನೋಡಿ, ಯಾವ ಕಡೆ ಓಡುತ್ತದೆ ಅಂತ ಗೊತ್ತಾಗುತ್ತದೆ.

ಹಿಂದಿನವರು ಮಳೆಗಾಲಕ್ಕೆ ಮೊದಲು ಜಗಲಿಯ ಸುತ್ತ ಮಡಲಿನ (ತೆಂಗಿನ ಗರಿಯ) ತಟ್ಟಿ ಕಟ್ಟುತ್ತಿದ್ದರು. ನೋಡಲು ಚಂದ ಇರಲಿಲ್ಲ. ಆದರೆ ಎರಚಲು ಗೋಡೆಗೆ ತಾಗುತ್ತಿರಲಿಲ್ಲ.

ಹಾಗಾಗಿ ನಿಮ್ಮ ‘ಮೊದಲು ಯಾವುದು’ ಅನ್ನುವ ಪ್ರಶ್ನೆಗೆ ಉತ್ತರ: ಅಂಗಳ. ಗೋಡೆಯ ಸುತ್ತ ಎರಡಡಿ ಅಗಲಕ್ಕೆ ಇಂಟರ್‌ಲಾಕ್ ಕಲ್ಲು ಎಬ್ಬಿಸಿ. ಅದು ಒಂದೊಂದಾಗಿ ಬರುತ್ತದೆ, ಒಡೆಯುವುದು ಬೇಡ. ತೆಗೆದಿಟ್ಟದ್ದನ್ನು ಬೇರೆಲ್ಲಾದರೂ ಹಾಕಬಹುದು. ಆ ಜಾಗದಲ್ಲಿ ಒಂದಡಿ ಆಳಕ್ಕೆ ಕಣಿ (ಸಣ್ಣ ಕಾಲುವೆ) ತೋಡಿಸಿ, ತೋಟದ ಕಡೆ ಇಳಿಜಾರು ಕೊಟ್ಟು ಜಲ್ಲಿ ತುಂಬಿಸಿ. ಸೂರಿನ ನೀರು ಜಲ್ಲಿಯ ಮೇಲೆ ಬಿದ್ದರೆ ಎಗರುವುದಿಲ್ಲ, ನಿಲ್ಲುವುದೂ ಇಲ್ಲ. ಒಂದು ಎಚ್ಚರ: ಕೆಲವರು ಹುರುಪಿನಲ್ಲಿ ಪಂಚಾಂಗದ ಬುಡದ ಮಣ್ಣನ್ನೇ ಆಳಕ್ಕೆ ತೆಗೆದುಬಿಡುತ್ತಾರೆ. ಹಳೆ ಮನೆಯ ಪಂಚಾಂಗ ತುಂಬಾ ಆಳ ಇರುವುದಿಲ್ಲ. ಗೋಡೆಯಿಂದ ಒಂದು ಗೇಣು ಬಿಟ್ಟು ತೋಡಬೇಕು. ಕಣಿಯ ನೀರು ಬಾವಿಯ ಕಡೆಗೆ ಹರಿಯಬಾರದು. ಕೈಯಲ್ಲಿ ದುಡ್ಡು ಉಳಿದರೆ ಸೂರಿಗೆ ಪಿವಿಸಿ ದಂಬೆ. ಈ ವರ್ಷ ಆಗದಿದ್ದರೆ ಮುಂದಿನ ವರ್ಷ.

ಇದರ ತೊಂದರೆ ಏನೆಂದರೆ ಫಲ ನಿಧಾನ. ಮೂರು ವರ್ಷ ನೀರು ಕುಡಿದ ದಪ್ಪ ಗೋಡೆ ಒಣಗಲು ತಿಂಗಳುಗಟ್ಟಲೆ ಬೇಕು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಬೇಕು. ಅಲ್ಲಿವರೆಗೆ ಬಂದವರೆಲ್ಲ ಗೋಡೆ ನೋಡಿ ಏನಾದರೊಂದು ಹೇಳುತ್ತಾರೆ.

ವಾಟರ್‌ಪ್ರೂಫ್ ಕೋಟಿಂಗ್ ಬಗ್ಗೆ ಕೇಳಿದಿರಿ. ಹೊರಗೋಡೆಗೆ ಮಳೆಯ ಎರಚಲು ತಡೆಯಲು ಬರುವ ಕೆಲವು ವಸ್ತುಗಳಿಗೆ ಅವುಗಳದ್ದೇ ಉಪಯೋಗ ಇದೆ. ಒಳಗೋಡೆಗೆ, ನೆಲದಿಂದ ಏರುವ ತೇವಕ್ಕೆ, ಅದು ಮದ್ದಲ್ಲ. ಎದುರಿನ ದಾರಿ ಮುಚ್ಚಿದರೆ ತೇವ ಇನ್ನೂ ಮೇಲೆ ಏರುತ್ತದೆ. ನನ್ನ ಕತೆ ಇಲ್ಲಿ ಬಂತು. ಹದಿನೈದು ವರ್ಷದ ಹಿಂದೆ ನಮ್ಮ ಮನೆಯ ಊಟದ ಕೋಣೆಯಲ್ಲಿ ಹೀಗೇ ಗುಳ್ಳೆ ಎದ್ದಿತ್ತು. ಊರಿಗೆಲ್ಲ ಬುದ್ಧಿ ಹೇಳುವ ನಾನು ನಾಲ್ಕಡಿ ಎತ್ತರಕ್ಕೆ ಗೋಡೆ ಟೈಲ್ಸ್ ಹಾಕಿಸಿದೆ. ಎರಡು ವರ್ಷ ಬಹಳ ಚಂದ ಇತ್ತು. ಮೂರನೇ ಮಳೆಗಾಲಕ್ಕೆ ಟೈಲ್ಸ್‌ನ ಮೇಲೆ, ಕಿಟಕಿಯ ದಾರಂದದ (ಚೌಕಟ್ಟಿನ) ಬುಡಕ್ಕೆ ತೇವ ಬಂತು. ಹಲಸಿನ ದಾರಂದ, ಅಪ್ಪ ಮಾಡಿಸಿದ್ದು. ಅದರ ಕಾಲು ಕುಂಬಾಗಿ ಹಾಳಾಯಿತು. ಟೈಲ್ಸ್ ಕೀಳಿಸಿದ ಖರ್ಚು ಹಾಕಿಸಿದ ಖರ್ಚಿಗಿಂತ ಜಾಸ್ತಿ.

ಗೋಡೆಗೆ ತೂತು ಕೊರೆದು ರಾಸಾಯನಿಕ ಇಂಜೆಕ್ಷನ್ ಕೊಡುವವರೂ ಇದ್ದಾರೆ. ಒಂದೇ ಸಮನಾದ ಇಟ್ಟಿಗೆ ಗೋಡೆಯಲ್ಲಿ ಕೆಲಸ ಮಾಡೀತು. ಮಣ್ಣಿನ ಗಾರೆಯಲ್ಲಿ ಕಟ್ಟಿದ, ನಡುನಡುವೆ ಪೊಳ್ಳು ಇರುವ ಮುರಕಲ್ಲಿನ ಗೋಡೆಯಲ್ಲಿ ಹಾಕಿದ್ದೆಲ್ಲ ಎಲ್ಲಿಗೆ ಹೋಯಿತು ಅಂತ ಯಾರೂ ಹೇಳಲಾರರು. ನಿಮ್ಮ ಮನೆಗೆ ನಾನು ಹೇಳುವುದಿಲ್ಲ.

ನಾನು ಮಾಡಿಸುವುದು ಹೀಗೆ. ಅಂಗಳದ ಕೆಲಸ ಮುಗಿದ ಮೇಲೆ, ತೇವ ಇರುವ ಗೆರೆಗಿಂತ ಒಂದಡಿ ಮೇಲಿನವರೆಗೆ ಪುಟ್ಟಿ, ಸಿಮೆಂಟು ಸಾರಣೆ ಎರಡನ್ನೂ ಕೆತ್ತಿಸಿ ಕಲ್ಲು ಕಾಣುವ ಹಾಗೆ ಬಿಡುತ್ತೇನೆ. ಆ ಮಳೆಗಾಲ ಹಾಗೇ ಇರಲಿ. ಮುಂದಿನ ಜನವರಿಯಲ್ಲಿ ಸುಣ್ಣ ಮತ್ತು ಮರಳಿನ ಗಾರೆ, ಅದರ ಮೇಲೆ ಸುಣ್ಣದ ನೀರು. ಸುಣ್ಣದ ಸಾರಣೆಯಲ್ಲೂ ಉಪ್ಪು ಬರುತ್ತದೆ, ಆದರೆ ಹುಡಿಯಾಗಿ ಉದುರಿ ಹೋಗುತ್ತದೆ, ಹಾಳೆ ಹಾಳೆಯಾಗಿ ಏಳುವುದಿಲ್ಲ. ಕಷ್ಟವೂ ಇದೆ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳು ಈಗ ಕಡಿಮೆ. ಗೊತ್ತಿಲ್ಲದವರು ‘ಸ್ವಲ್ಪ ಸಿಮೆಂಟು ಸೇರಿಸಿದರೆ ಬೇಗ ಹಿಡಿಯುತ್ತದೆ’ ಅಂತ ಸೇರಿಸಿಬಿಡುತ್ತಾರೆ, ಪುನಃ ಮೊದಲಿನ ಕತೆ. ಹತ್ತಿರ ನಿಂತು ನೋಡಬೇಕು. ಹಸಿ ಸುಣ್ಣ ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ, ಕೆಲಸದವರಿಗೆ ಕನ್ನಡಕ ಕೊಡಿ. ನೆಲದ ಟೈಲ್ಸ್ ಸದ್ಯಕ್ಕೆ ಹಾಗೇ ಇರಲಿ, ಅದನ್ನು ಕೀಳುವಷ್ಟು ದುಡ್ಡು ಖರ್ಚು ಮಾಡುವ ಹೊತ್ತು ಇದಲ್ಲ.

ಇನ್ನು ಮಾಡು. ‘ಹಂಚಿನ ಕಾಲ ಮುಗಿಯಿತು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ನೂರು ವರ್ಷ ದಾಟಿದ ಹಂಚನ್ನು ನಾನೇ ಎಷ್ಟೋ ಮನೆಗಳಲ್ಲಿ ಇಳಿಸಿ, ತಿರುಗಿ ಏರಿಸಿದ್ದೇನೆ. ಮೊದಲು ಹಾಳಾಗುವುದು ಹಂಚಲ್ಲ, ಅದನ್ನು ಹೊತ್ತ ರೀಪು (ಪಕ್ಕಾಸಿನ ಮೇಲಿನ ಅಡ್ಡ ಮರದ ಪಟ್ಟಿ). ರೀಪು ಬಗ್ಗಿದರೆ ಹಂಚಿನ ಸಾಲು ತಗ್ಗುತ್ತದೆ, ಒಂದಕ್ಕೊಂದು ಕೂತಿದ್ದ ಬಾಯಿ ಬಿಡುತ್ತದೆ, ನೀರು ಒಳಗೆ ಬರುತ್ತದೆ. ಇಲ್ಲವೇ ಹಂಚಿನ ಕಾಲುವೆಯಲ್ಲಿ ತರಗೆಲೆ ತುಂಬಿ ನೀರು ಪಕ್ಕಕ್ಕೆ ಹಾರುತ್ತದೆ. ಮಂಗ ಓಡಿ ಜಾರಿದ ಹಂಚು, ತೆಂಗಿನಕಾಯಿ ಬಿದ್ದು ಸೀಳಿದ ಹಂಚು, ಗಾಜಿನ ಹಂಚಿನ ಬದಿ, ಎರಡು ಮಾಡು ಸೇರುವ ಮೂಲೆ, ಇವಿಷ್ಟು ನೋಡಿದರೆ ನಿಮ್ಮ ನಾಲ್ಕು ಸೋರಿಕೆಯಲ್ಲಿ ಮೂರು ಸಿಕ್ಕಿಬಿಡುತ್ತದೆ. ನೀರು ಬೀಳುವ ಜಾಗದ ನೇರ ಮೇಲೆ ಹುಡುಕಬೇಡಿ. ಅದು ಪಕ್ಕಾಸಿನ ಗುಂಟ ಇಳಿದು ಎಲ್ಲೋ ಹನಿಯುತ್ತದೆ. ಮಧ್ಯಾಹ್ನ ಅಟ್ಟ ಹತ್ತಿ ಬಾಗಿಲು ಮುಚ್ಚಿ ಕತ್ತಲೆ ಮಾಡಿಕೊಂಡು ಮೇಲೆ ನೋಡಿ. ಬೆಳಕಿನ ಚುಕ್ಕೆ ಕಂಡಲ್ಲಿ ಸೀಮೆಸುಣ್ಣದ ಗುರುತು ಹಾಕಿ. ನೀರು ಹರಿದ ಕಲೆಯನ್ನೂ ಪಕ್ಕಾಸಿನ ಮೇಲೆ ಹಿಂದಕ್ಕೆ ಹಿಡಿದು ಹೋಗಿ. ಪಿವಿಸಿ ಸೀಲಿಂಗ್ ಇರುವ ಎರಡು ಕೋಣೆಯಲ್ಲಿ ಇದಾವುದೂ ಕಾಣುವುದಿಲ್ಲ, ಅದೇ ಅದರ ಮುಖ್ಯ ದೋಷ. ಮೂಲೆಯಲ್ಲಿ ಎರಡು ಪಟ್ಟಿ ಕಳಚುವ ಹಾಗೆ ಮಾಡಿಸಿಕೊಳ್ಳಿ. ಇಲಿ ಸಂಸಾರ ಹೂಡಿದ್ದರೂ ಗೊತ್ತಾಗುತ್ತದೆ.

ಹಂಚು ಇಳಿಸಿದಾಗ ಒಂದೊಂದನ್ನೂ ಬೆರಳಗಂಟಿನಲ್ಲಿ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಸೀಳು ಇದೆ. ಬದಲಿಗೆ ಹಾಕುವಾಗ ಹಂಚಿನ ಮೇಲೆ ಒತ್ತಿರುವ ಕಾರ್ಖಾನೆಯ ಹೆಸರು ನೋಡಿ, ಅದೇ ಹೆಸರಿನದ್ದು ತನ್ನಿ. ಬೇರೆ ಬೇರೆ ಕಾರ್ಖಾನೆಯ ಅಚ್ಚು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಹೊಸ ಹಂಚು ತಂದು ಹಳೆಯದರ ನಡುವೆ ತುರುಕಿಸಿದ್ದೇ ಸೋರಿಕೆಗೆ ಕಾರಣವಾದ ಮನೆ ಎಷ್ಟೋ ನೋಡಿದ್ದೇನೆ. ಹಳೆ ಮನೆ ಕೆಡವಿದಲ್ಲಿ ಹಂಚು ಸಿಗುತ್ತದೆ. ಐವತ್ತು ಜಾಸ್ತಿ ತಂದು ಕೊಟ್ಟಿಗೆಯ ಬದಿಗೆ ನಿಲ್ಲಿಸಿಡಿ.

ಪಾಚಿಗೆ ಆಸಿಡ್ ಬೇಡವೇ ಬೇಡ. ಪ್ರೆಶರ್ ಪಂಪೂ ಬೇಡ. ಸುಟ್ಟ ಹಂಚಿನ ಮೇಲ್ಮೈಯಲ್ಲಿ ಒಂದು ಗಟ್ಟಿ ಚರ್ಮ ಇರುತ್ತದೆ. ಅದು ಹೋದರೆ ಹಂಚು ಇನ್ನಷ್ಟು ನೀರು ಕುಡಿದು, ಇನ್ನಷ್ಟು ಪಾಚಿ ಕಟ್ಟುತ್ತದೆ. ಬೇಸಿಗೆಯಲ್ಲಿ ಪಾಚಿ ತಾನೇ ಒಣಗಿ ಸಿಪ್ಪೆ ಎದ್ದಿರುತ್ತದೆ, ಈಗ ತೆಂಗಿನ ನಾರಿನ ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ಮಾಡಿನ ಮೇಲೆ ಚಾಚಿದ ಮರದ ಗೆಲ್ಲು ಕಡಿಸಿ, ಬಿಸಿಲು ಬಿದ್ದಲ್ಲಿ ಪಾಚಿ ಕಡಿಮೆ. ಹತ್ತುವವರು ಅಭ್ಯಾಸ ಇದ್ದವರಾಗಿರಲಿ, ರೀಪು ಇರುವ ಸಾಲಿನ ಮೇಲೆ ಕಾಲಿಡಬೇಕು, ಸೊಂಟಕ್ಕೆ ಹಗ್ಗ ಇರಬೇಕು. ಮನೆಯವರು ಹತ್ತಬೇಡಿ. ಪ್ರತಿ ಮೇ ತಿಂಗಳಲ್ಲಿ ಯಾರಾದರೊಬ್ಬರು ಬಿದ್ದ ಸುದ್ದಿ ನನ್ನ ಕಿವಿಗೆ ಬರುತ್ತದೆ.

ಶೀಟ್ ಬಗ್ಗೆ ನಿಮ್ಮ ಮೈದುನ ಹೇಳಿದ್ದು ಪೂರ್ತಿ ತಪ್ಪಲ್ಲ. ಹಂಚಿನಿಂದ ಎರಡಡಿ ಎತ್ತರಕ್ಕೆ, ಬದಿಗಳಲ್ಲಿ ಗಾಳಿ ಆಡುವ ಹಾಗೆ ಶೀಟ್ ಬಂದರೆ ಸೋರಿಕೆ ನಿಲ್ಲುತ್ತದೆ, ಸೂರು ಮುಂದೆ ಬರುವುದರಿಂದ ಎರಚಲೂ ಕಡಿಮೆಯಾಗುತ್ತದೆ. ಆದರೆ ಕಬ್ಬಿಣದ ಚೌಕಟ್ಟಿನ ಭಾರವನ್ನು ಹಳೆ ಗೋಡೆಯ ಮೇಲೆ ಇಡಬಾರದು, ನೆಲದಿಂದಲೇ ಬೇರೆ ಕಂಬ ಬೇಕು. ಗಾಳಿ ಶೀಟನ್ನು ಮೇಲಕ್ಕೆ ಎಳೆಯುತ್ತದೆ, ಕಂಬದ ಬುಡದಲ್ಲಿ ಕಾಂಕ್ರೀಟ್ ಸರಿಯಾಗಿ ಇರಬೇಕು. ಮತ್ತೆ ಒಂದು ಸಂಗತಿ ಯಾರೂ ಹೇಳುವುದಿಲ್ಲ. ಶೀಟ್ ಬಂದ ಮೇಲೆ ಹಂಚಿನ ಕಡೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅಡಿಯಲ್ಲಿ ಒರಲೆ ನಿಶ್ಚಿಂತೆಯಲ್ಲಿ ಊಟ ಮಾಡುತ್ತಿರುತ್ತದೆ. ರೀಪು ಬದಲಿಸಿ ಹಂಚು ಮಗುಚುವ ಖರ್ಚು, ಶೀಟಿನ ಖರ್ಚು, ಎರಡನ್ನೂ ಬರೆಸಿಕೊಂಡು ಹೋಲಿಸಿ. ಪಕ್ಕಾಸು ಗಟ್ಟಿ ಇದ್ದರೆ ನಾನು ಹಂಚಿಗೇ ಮತ ಹಾಕುತ್ತೇನೆ.

ಕಾಂಕ್ರೀಟ್ ಬೇಡ. ರೀಪು ಸಮೇತ ಹಂಚಿನ ಭಾರ ಚದರ ಮೀಟರಿಗೆ ಸುಮಾರು 65 ಕಿಲೋ. ನಾಲ್ಕಿಂಚಿನ ಸ್ಲ್ಯಾಬಿನ ಭಾರ ಸುಮಾರು 250 ಕಿಲೋ. ಬುಡದಲ್ಲಿ ತೇವ ಹಿಡಿದ, ಮಣ್ಣಿನ ಗಾರೆಯ ಗೋಡೆಯ ತಲೆಯ ಮೇಲೆ ನಾಲ್ಕು ಪಟ್ಟು ಭಾರ ಹೊರಿಸುವುದು ಹುಡುಗಾಟ ಅಲ್ಲ. ಅಣ್ಣನವರಿಗೆ ಈ ಎರಡು ಅಂಕಿ ತೋರಿಸಿ.

ಒರಲೆಗೆ ಬರೋಣ. ಮೊದಲು ಅದು ಒರಲೆಯೋ ಕುಟ್ಟೆಯೋ ನೋಡಿ. ಗೋಡೆಯ ಮೇಲೆ, ಪಕ್ಕಾಸಿನ ಮೇಲೆ ಮಣ್ಣಿನ ದಾರಿ ಇದ್ದರೆ ಒರಲೆ. ಮಣ್ಣೇ ಇಲ್ಲದೆ ಮರದಲ್ಲಿ ಸೂಜಿ ತೂತು, ಕೆಳಗೆ ನಯವಾದ ಹುಡಿ ಇದ್ದರೆ ಕುಟ್ಟೆ ಹುಳ. ಮಣ್ಣಿನ ದಾರಿಯನ್ನು ಎರಡು ಇಂಚು ಮುರಿದು ಬಿಡಿ. ಮೂರ್ನಾಲ್ಕು ದಿನದಲ್ಲಿ ಪುನಃ ಕಟ್ಟಿದ್ದರೆ ಒಳಗೆ ಜೀವ ಇದೆ.

ಒರಲೆಗೆ ಮರದಷ್ಟೇ ತೇವವೂ ಬೇಕು. ಒಣ ಗಾಳಿ ಅದಕ್ಕೆ ಆಗದು, ಅದಕ್ಕೇ ಮಣ್ಣಿನ ಸುರಂಗ ಕಟ್ಟಿಕೊಂಡು ಓಡಾಡುತ್ತದೆ. ನಿಮ್ಮ ಗೋಡೆಯ ತೇವವೇ ಅದನ್ನು ಅಟ್ಟದವರೆಗೆ ಕರೆದುಕೊಂಡು ಹೋಗಿದೆ. ಇನ್ನೊಂದು ಬದಲಾವಣೆಯೂ ಆಗಿರಬೇಕು. ಮೊದಲು ಅಡುಗೆಮನೆಯ ಒಲೆಯ ಹೊಗೆ, ಬಚ್ಚಲ ಹೊಗೆ ಅಟ್ಟದಲ್ಲಿ ಸುತ್ತಾಡಿ ಹಂಚಿನ ಸಂದಿಯಿಂದ ಹೋಗುತ್ತಿತ್ತು. ಪಕ್ಕಾಸು ಕಪ್ಪಗೆ ಹೊಳೆಯುತ್ತಿತ್ತು, ಒಣಗಿರುತ್ತಿತ್ತು. ಗ್ಯಾಸ್ ಬಂತು, ಹೊಗೆ ಹೋಯಿತು. ಅತ್ತೆಯ ಶ್ವಾಸಕ್ಕೆ ಅದು ಒಳ್ಳೆಯದೇ, ಪಕ್ಕಾಸಿಗೆ ಮಾತ್ರ ನಷ್ಟ.

ಸೀಮೆಎಣ್ಣೆ ಎರಚುವುದು ಸುಮ್ನೆ. ಕಂಡ ಹುಳ ಸಾಯುತ್ತದೆ, ಗೂಡು ಮಣ್ಣಿನಡಿಯಲ್ಲಿ ಆರಾಮ ಇರುತ್ತದೆ. ಅಟ್ಟದಲ್ಲಿ ಬೆಂಕಿಯ ಭಯ ಬೇರೆ. ಸರಿಯಾದ ಕ್ರಮ ಅಂದರೆ ಗೋಡೆಯ ಬುಡದಲ್ಲಿ ಒಂದಡಿಗೊಂದು ತೂತು ಕೊರೆದು ಇಮಿಡಾಕ್ಲೋಪ್ರಿಡ್ ಅಥವಾ ಬೈಫೆಂತ್ರಿನ್‌ನಂಥ ಮದ್ದು ಇಳಿಸುವುದು. ಸಾಮಾನ್ಯ ಮನೆಗಳಲ್ಲಿ ಇದು ನಡೆಯುತ್ತದೆ. ಆದರೆ ನಿಮ್ಮ ಬಾವಿ ಹತ್ತು ಹೆಜ್ಜೆ. ಮುರಮಣ್ಣಿನಲ್ಲಿ ನೀರು ಹೇಗೆ ಓಡುತ್ತದೆ ಅಂತ ಆಗಲೇ ಹೇಳಿದೆ. 2000ದವರೆಗೂ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಮದ್ದು ಹಾಕಿದಲ್ಲೇ ಇರುವುದಿಲ್ಲ ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಾವಿಯ ಬದಿಯ ಗೋಡೆಗೆ ಮಣ್ಣಿನ ಮದ್ದು ಬೇಡವೇ ಬೇಡ. ಉಳಿದ ಬದಿಗೂ ಮಳೆ ಹತ್ತಿರ ಇರುವಾಗ ಬೇಡ.

ಬದಲಿಗೆ ಮಣ್ಣಿನ ದಾರಿ ಕೆರೆದು ತೆಗೆಯಿರಿ, ಪ್ರತಿ ವಾರ. ಗೋಡೆಗೆ ಒರಗಿಸಿಟ್ಟ ಸೌದೆ, ರಟ್ಟಿನ ಪೆಟ್ಟಿಗೆ, ಹಳೆ ಪೇಪರ್ ಎಲ್ಲ ದೂರ ಇಡಿ. ತಿಂದ ಪಕ್ಕಾಸನ್ನು ಚೂರಿಯಲ್ಲಿ ಚುಚ್ಚಿ ನೋಡಿ, ಸಲೀಸಾಗಿ ಒಳಗೆ ಇಳಿದರೆ ಅದನ್ನು ಬದಲಿಸಲೇಬೇಕು. ಗಟ್ಟಿ ಇರುವ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್‌ನ ದ್ರಾವಣ ಎರಡು ಮೂರು ಸಲ ಹಚ್ಚಿಸಬಹುದು. ಒರಲೆಗೂ ಕುಟ್ಟೆಗೂ ಆಗುತ್ತದೆ, ವಾಸನೆ ಇಲ್ಲ. ಮಳೆನೀರು ತಾಗಿದರೆ ತೊಳೆದು ಹೋಗುತ್ತದೆ, ಆದ್ದರಿಂದ ಸೋರಿಕೆ ನಿಲ್ಲಿಸಿದ ಮೇಲೆಯೇ ಹಚ್ಚಬೇಕು. ಹೊಸ ರೀಪಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುವ ನಮ್ಮ ಹಳೆ ಕ್ರಮವೂ ಒಳ್ಳೆಯದೇ. ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ, ಕೈಗವಸು ಹಾಕದೆ ಮುಟ್ಟಬಾರದು.

ಬೂಷ್ಟು ಮತ್ತು ಉಬ್ಬಸ. ಒಣಗಿದ ಬೂಷ್ಟನ್ನು ಪೊರಕೆಯಲ್ಲಿ ಗುಡಿಸಿದರೆ ಅದರ ಬೀಜ ಗಾಳಿಗೆ ಏಳುತ್ತದೆ. ಗುಡಿಸುವ ದಿನವೇ ಅತ್ತೆಗೆ ಜಾಸ್ತಿ ಆಗುತ್ತದಾ ಅಂತ ಗಮನಿಸಿ. ಇದಕ್ಕೆ ಮಾತ್ರ ಒದ್ದೆ ಬಟ್ಟೆ ಬೇಕು. ಸೋಪಿನ ನೀರಲ್ಲಿ ಅದ್ದಿ, ಹಿಂಡಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಹಾಕಿ. ಎನ್-95 ಮಾಸ್ಕ್ ಕಟ್ಟಿಕೊಳ್ಳಿ, ಆ ಹೊತ್ತಿಗೆ ಅತ್ತೆ ಜಗಲಿಯಲ್ಲಿರಲಿ. ಡಾಕ್ಟರಿಗೆ ಮನೆಯಲ್ಲಿ ಬೂಷ್ಟು ಇದೆ ಅಂತ ತಪ್ಪದೆ ಹೇಳಿ. ಬ್ಲೀಚಿಂಗ್ ಹುಡಿಯ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಎಂದೂ ಸೇರಬಾರದು. ಕ್ಲೋರಿನ್ ಗಾಳಿ ಏಳುತ್ತದೆ, ಗಟ್ಟಿಮುಟ್ಟಾದವರನ್ನೂ ಕೆಡವುತ್ತದೆ, ಉಬ್ಬಸದವರ ಗತಿ ಹೇಳುವುದು ಬೇಡ. ಕಪಾಟು, ಮಂಚ ಗೋಡೆಯಿಂದ ಒಂದು ಗೇಣು ಈಚೆ ಬರಲಿ. ಆಟಿಯಲ್ಲಿ ಬಟ್ಟೆ ಒಣಗಿಸುವ ಹಗ್ಗ ಮಲಗುವ ಕೋಣೆಯಲ್ಲಿದ್ದರೆ ತೆಗೆಯಿರಿ. ಒದ್ದೆ ಬಟ್ಟೆಯ ನೀರು ಗಾಳಿಗೆ, ಗಾಳಿಯಿಂದ ಗೋಡೆಗೆ. ಮಳೆ ಬಿಟ್ಟ ಹೊತ್ತಿಗೆ ಎದುರುಬದುರು ಕಿಟಕಿ ಒಂದರ್ಧ ಗಂಟೆ ತೆರೆದಿಡಿ.

ತೇವದ ಗೋಡೆಯೊಳಗೆ ವಯರು ಹೋಗಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಮೇ ತಿಂಗಳೊಳಗೆ ಒಮ್ಮೆ ಕರೆಸಿ. ಮೇನ್ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಬೇಕು. ಅದರ ಟೆಸ್ಟ್ ಬಟನ್ ಒತ್ತಿದಾಗ ಕರೆಂಟ್ ಹೋಗಬೇಕು. ಮಳೆಗಾಲದಲ್ಲಿ ಅದು ಪದೇ ಪದೇ ಬಿದ್ದರೆ ಉಪದ್ರ ಅಂತ ತೆಗೆಸಿಬಿಡಬೇಡಿ.

ಇವತ್ತಿಗೆ ಮಾರ್ಚ್ ಮೊದಲ ವಾರ. ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ಇನ್ನೂ ಹನ್ನೊಂದು ವಾರ ಇದೆ. ಅಲ್ಲಿಂದ ಮುಂದೆ ಕೆಲಸದವರೂ ಸಿಗುವುದಿಲ್ಲ, ಬಿಸಿಲೂ ಸಿಗುವುದಿಲ್ಲ. ಅಂಗಳದ ಕಣಿ ಮತ್ತು ಮಾಡಿನ ಕೆಲಸ ಈ ತಿಂಗಳಲ್ಲೇ ಹಿಡಿಸಿ. ಏಪ್ರಿಲ್ ಕೊನೆಗೆ ಸಂಜೆ ಗುಡುಗು ಶುರುವಾದರೆ ಮಾಡು ಬಿಚ್ಚಿಟ್ಟು ಕೂರುವ ಹಾಗಿಲ್ಲ. ಗೋಡೆ ಕೆತ್ತಿಸುವುದು ವಿಷು ಕಳೆದ ಮೇಲೆ ಆದರೂ ಸರಿ, ಹಬ್ಬಕ್ಕೆ ಬರುವವರ ಎದುರು ಮುಜುಗರ ಯಾಕೆ. ಪೇಂಟಿನ ದುಡ್ಡು ಈ ವರ್ಷ ಪೆಟ್ಟಿಗೆಯಲ್ಲೇ ಇರಲಿ.

ಗೋಡೆ ಕೆತ್ತಿಸಿದ ದಿನ ತೇವದ ಮೇಲಿನ ಗೆರೆಯನ್ನು ಪೆನ್ಸಿಲ್‌ನಲ್ಲಿ ಎಳೆದು ತಾರೀಕು ಬರೆಯಿರಿ. ಆಟಿ ಕಳೆದ ಮೇಲೆ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಪುನಃ ಎಳೆಯಿರಿ. ಡಿಸೆಂಬರಿನ ಗೆರೆ ಕೆಳಗೆ ಇಳಿದಿದ್ದರೆ ಜನವರಿಗೆ ಸುಣ್ಣದ ಮೇಸ್ತ್ರಿಗೆ ಹೇಳಿ. ಇಳಿಯದಿದ್ದರೆ ಬಚ್ಚಲಿನ ಪೈಪ್ ಎಲ್ಲಾದರೂ ಒಡೆದಿದೆಯಾ ಅಂತ ನೋಡಿಸಿ, ಆಮೇಲೆ ನನಗೊಂದು ಸಾಲು ಬರೆಯಿರಿ.